ಎರಡು ಮೊಳದ ತಿರುವು

ಮಾರ್ಚ್ ೧೪, ಮಂಗಳವಾರ
ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಅಣ್ಣನಿಗೆ,

ನಿನ್ನ ಪತ್ರ ಬಂದು ಏಳು ವಾರವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಪೂರ್ತಿ ಓದಿದ ಮೇಲೆ ಕ್ಷಮಿಸುವೆಯಂತೆ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಇನ್ನರ್ಧ ಕೇಳಿಸಿದರೂ ಕೇಳಿಸದವನಂತೆ ಅತ್ತಿಗೆಯ ಕೈಗೆ ಕೊಟ್ಟುಬಿಡುತ್ತೀಯ. ಇದು ಅತ್ತಿಗೆಯ ಮೂಲಕ ದಾಟಿಸುವ ವಿಷಯವಲ್ಲ. ನನ್ನ ಮಂಡಿನೋವು ಇದ್ದಷ್ಟೇ ಇದೆ. ಅತ್ತಿಗೆಯ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಇನ್ನು ಮೇಲೆ ನೀನು ನಾಲ್ಕು ದಿನ ಗಡ್ಡ ಬಿಟ್ಟರೆ ಅವರಿಗೆ ಕಾಣಿಸುತ್ತದೆ, ಹುಷಾರು.

ಲಕೋಟೆಯ ಮೇಲಿನ ಅಂಚೆಚೀಟಿ ನೋಡಿ ಮುಖ ಸಿಂಡರಿಸಿರುತ್ತೀಯ. ಏನು ಮಾಡಲಿ, ಈ ವರ್ಷ ಅಂಚೆ ಕಚೇರಿಯಲ್ಲಿ ಅದೊಂದೇ ಸಿಗುವುದು. ಸುರಂಗಕ್ಕೆ ಐವತ್ತು ತುಂಬುತ್ತಿದೆಯಲ್ಲ, ಎಲ್ಲಿ ನೋಡಿದರೂ ಅದರದೇ ಚಿತ್ರ. ಶಾಲೆ ಮಕ್ಕಳ ನೋಟ್‌ಬುಕ್ಕಿನ ರಟ್ಟಿನ ಮೇಲೆ, ಬ್ಯಾಂಕಿನ ಕ್ಯಾಲೆಂಡರಿನ ಮೇಲೆ, ಕೊನೆಗೆ ನನ್ನ ಮಾತ್ರೆ ಅಂಗಡಿಯವನು ಕೊಡುವ ಚೀಲದ ಮೇಲೂ. ಬೆಟ್ಟದ ಆಚೆ ಈಚೆ ಎರಡಾಗಿದ್ದ ದೇಶವನ್ನು ಒಂದು ಮಾಡಿದ ಸುರಂಗ ಎಂದು ರೇಡಿಯೋದಲ್ಲಿ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಕೊರೆದವರು ಯಾರು ಎಂದು ಒಂದು ಸಲವೂ ಹೇಳುವುದಿಲ್ಲ.

ನಡುವಿನ ತಿರುವಿನ ಬಗ್ಗೆಯಂತೂ ಒಬ್ಬೊಬ್ಬರದು ಒಂದೊಂದು ಕಥೆ. ರೈಲು ಅಲ್ಲಿ ಈಗಲೂ ಕುಂಟುತ್ತದೆ. ಹೋದ ವರ್ಷ ನನ್ನ ಎದುರಿಗೆ ಕೂತಿದ್ದ ಒಬ್ಬ ಮಹಾಶಯ, ಡ್ರೈವರ್ ನಿದ್ದೆಹೋಗದಿರಲಿ ಎಂದು ಬೇಕೆಂದೇ ಸೊಟ್ಟಗೆ ಮಾಡಿದ್ದಾರೆ ಎಂದು ಹೆಂಡತಿಗೆ ವಿವರಿಸುತ್ತಿದ್ದ. ಆಕೆ ತಲೆಯಾಡಿಸಿ ನಂಬಿದಳು. ಪಕ್ಕದವರ ಪ್ರಕಾರ ಅಲ್ಲೊಂದು ನೀರಿನ ಬುಗ್ಗೆ ಇತ್ತಂತೆ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅದು ನನಗೆ ಎಷ್ಟು ಕಷ್ಟ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಿಷಯಕ್ಕೆ ಬರುತ್ತೇನೆ. ಜನವರಿ ಕೊನೆಯಲ್ಲಿ ರೈಲ್ವೆ ಕಚೇರಿಯ ಒಬ್ಬ ಮೇಡಂ ಮನೆಗೆ ಬಂದಿದ್ದರು. ನಮ್ಮ ಮಕ್ಕಳಿಗಿಂತ ಚಿಕ್ಕ ವಯಸ್ಸು, ಮಾತು ನಯ, ಕೆಲಸ ಅಚ್ಚುಕಟ್ಟು. ಐವತ್ತರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರೆ, ಸುರಂಗದ ಬಾಯಲ್ಲಿ ಒಂದು ಕಲ್ಲಿನ ಫಲಕವನ್ನೂ ಹಾಕುತ್ತಾರಂತೆ. ಆಗಿನ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಉಳಿದಿರುವುದು ನಾನೊಬ್ಬಳೇ, ಹಳೆಯ ನಕ್ಷೆಗಳನ್ನು ಗುರುತಿಸಿಕೊಡಬೇಕು ಎಂದರು. ಪುಸ್ತಕದ ಕರಡನ್ನು ಕೈಗಿಟ್ಟರು. ತೆರೆದರೆ ಮೊದಲ ಪುಟದಲ್ಲೇ ನಮ್ಮ ‘ಗಡಿಯಾರ’. ಮುಖ್ಯ ಇಂಜಿನಿಯರ್ ಸಾಹೇಬರಿಗೆ ನಾವಿಟ್ಟಿದ್ದ ಹೆಸರು ಅದು ಎಂದಾಗ ಮೇಡಂ ನಕ್ಕರು. ಉದ್ಘಾಟನೆಯ ತಾರೀಕು ತಪ್ಪಿಬಿಟ್ಟೀತು ಎಂದು ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಿದ್ದ ಪುಣ್ಯಾತ್ಮ, ಫೋಟೋದಲ್ಲೂ ಕೈಯನ್ನು ಅರ್ಧ ಎತ್ತಿಯೇ ನಿಂತಿದ್ದಾರೆ.

ನಲವತ್ತೊಂದನೇ ಪುಟದಲ್ಲಿ ಹೀಗಿತ್ತು: ‘ಸರ್ವೇಯರ್ ಒಬ್ಬರ ಅಜಾಗರೂಕತೆಯಿಂದಾಗಿ, ಎರಡು ಕಡೆಯಿಂದ ಕೊರೆದುಬಂದ ಸುರಂಗಗಳು ನಡುವೆ ಸೇರುವಾಗ ಮೂರು ಅಡಿ ಆಚೀಚೆಯಾದವು. ಮುಖ್ಯ ಇಂಜಿನಿಯರರು ಸಮಯಪ್ರಜ್ಞೆಯಿಂದ ತಿರುವು ಕೊಟ್ಟು ಅದನ್ನು ಸರಿಪಡಿಸಿದರು.’

ಹೆಸರು ಹಾಕಿರಲಿಲ್ಲ. ಆ ಸರ್ವೇಯರ್ ನನ್ನ ಸ್ವಂತ ಅಣ್ಣ ಎಂದೆ. ಪಾಪ, ಮೇಡಂ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಈ ಮಾತು ಎಲ್ಲಿ ಸಿಕ್ಕಿತು ಎಂದು ಕೇಳಿದೆ. ತಿರುವಿನ ನಕ್ಷೆಯ ಮೂಲೆಯಲ್ಲಿ ಬರೆದಿದೆ, ಅದರ ಕೆಳಗೆ ಸರ್ವೇಯರ್ ಅವರದೇ ಸಹಿ ಇದೆ ಎಂದರು. ಅದು ಸುಳ್ಳಲ್ಲ. ನೀನು ಸಹಿ ಹಾಕಿದ್ದೆ, ಹಾಕಿದ ತಿಂಗಳಿಗೆ ಕೆಲಸವನ್ನೂ ಬಿಟ್ಟೆ.

ಸಹಿ ಇದ್ದ ಮೇಲೆ ಇನ್ನೇನಿದೆ ಎನ್ನುವುದು ಅವರ ಧಾಟಿ. ನಾನು ಬಿಡಲಿಲ್ಲ. ಅಳತೆ ತೆಗೆದ ದಿನ ಸಂಜೆ ನೀನು ಮನೆಗೆ ಬಂದು ನನಗೂ ಅಮ್ಮನಿಗೂ ಹೇಳಿದ್ದನ್ನು ಹಾಗೇ ಅವರಿಗೆ ಬಿಡಿಸಿ ಹೇಳಿದೆ. ಬೆಟ್ಟದ ನೆತ್ತಿಯಿಂದ ಸುರಂಗದವರೆಗೆ ಬಾವಿಯಂತೆ ಕೊರೆದ ಕಂಡಿಯಲ್ಲಿ ಎರಡು ತಂತಿ ಇಳಿಬಿಟ್ಟು, ತುದಿಗೆ ಭಾರ ಕಟ್ಟಿ, ಅವೆರಡರ ನೇರ ನೋಡಿ ಒಳಗಿನವರು ಯಾವ ದಿಕ್ಕಿಗೆ ಕೊರೆಯಬೇಕೆಂದು ನೀನು ಗುರುತು ಹಾಕಬೇಕಿತ್ತು. ತಂತಿ ಕೂದಲೆಳೆಯಷ್ಟು ಅಲುಗಿದರೂ ಮುಂದೆ ಮೈಲಿ ದಾಟುವಷ್ಟರಲ್ಲಿ ದಿಕ್ಕು ಮೊಳಗಟ್ಟಲೆ ತಪ್ಪುತ್ತದೆ. ಅದಕ್ಕಾಗಿ ಆ ಒಂದು ಗಂಟೆ ಗಾಳಿ ಊದುವ ಫ್ಯಾನನ್ನು ನಿಲ್ಲಿಸಬೇಕು. ಫ್ಯಾನ್ ನಿಲ್ಲಿಸುವ ಮೊದಲು ಒಳಗಿನ ಜನರನ್ನೆಲ್ಲ ಹೊರಗೆ ಕಳಿಸಬೇಕು. ಗಡಿಯಾರ ಕೆಲಸ ನಿಲ್ಲಿಸಲು ಒಪ್ಪಲಿಲ್ಲ. ಆಗತಾನೆ ಬಂಡೆ ಸಿಡಿಸಿದ ಹೊಗೆ ಒಳಗೆ ತುಂಬಿತ್ತು. ಒಂದು ಗಂಟೆ ಗಾಳಿ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ, ಫ್ಯಾನ್ ನಿಲ್ಲಿಸಿ ಅಳತೆ ತೆಗಿ ಎಂದರು. ನೀನು ಫ್ಯಾನ್ ನಿಲ್ಲಿಸಲಿಲ್ಲ. ಅಲುಗುವ ತಂತಿಯಲ್ಲೇ ಅಳತೆ ತೆಗೆದೆ.

ಮೇಡಂ ಅಷ್ಟನ್ನೂ ಬರೆದುಕೊಂಡರು. ನಂಬುತ್ತೇನೆ, ಆದರೆ ಕಾಗದ ಬೇಕಲ್ಲ ಎಂದರು. ಆ ತಿಂಗಳ ಅಳತೆ ಬರೆದಿಟ್ಟ ಫೀಲ್ಡ್ ಬುಕ್‌ಗಳಲ್ಲಿ ಅಂಥದ್ದೇನೂ ಇಲ್ಲವಂತೆ. ಅವರ ಗುಮಾಸ್ತರು ಹುಡುಕಿದ್ದು ತಾರೀಕಿನ ಪ್ರಕಾರ. ನಮ್ಮ ಕಾಲದಲ್ಲಿ ಕಂಡಿಯ ನಂಬರಿನ ಪ್ರಕಾರ ಕಟ್ಟು ಕಟ್ಟುತ್ತಿದ್ದೆವು ಎಂದು ಇವತ್ತಿನವರಿಗೆ ಯಾರು ಹೇಳಬೇಕು? ನಾನೇ ಬರುತ್ತೇನೆ ಎಂದೆ. ಮಂಡಿಗೆ ಪಟ್ಟಿ ಸುತ್ತಿಕೊಂಡು ಮೂರು ದಿನ ರೆಕಾರ್ಡ್ ರೂಮಿಗೆ ಹೋದೆ. ಧೂಳಿಗೆ ಸೀನಿ ಸೀನಿ ಅಲ್ಲಿನವರಿಗೆಲ್ಲ ನನ್ನ ಪರಿಚಯವಾಯಿತು.

ಮೂರನೇ ದಿನ ಮಧ್ಯಾಹ್ನ ಸಿಕ್ಕಿತು. ಎರಡನೇ ನಂಬರ್ ಕಂಡಿ, ಕಂದು ರಟ್ಟು, ನಿನ್ನ ಪೆನ್ಸಿಲ್ಲು. ‘ತಂತಿ ಅಲುಗುತ್ತಿದೆ. ಫ್ಯಾನ್ ನಿಲ್ಲಿಸಿಲ್ಲ, ಒಳಗೆ ಇಪ್ಪತ್ತಾರು ಜನ ಇದ್ದಾರೆ. ಈ ದಿಕ್ಕನ್ನು ನಂಬಬಾರದು. ರಜೆಯ ದಿನ ಮತ್ತೆ ಅಳೆಯಬೇಕು.’ ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ನೋಡಿದೆ’ ಎಂದು ಗಡಿಯಾರದ ಚುಟುಕು ಸಹಿ, ಮಾರನೆಯ ದಿನದ ತಾರೀಕು. ನೋಡಿದ್ದರು, ಅಣ್ಣ. ನೋಡಿಯೂ ಏಳು ತಿಂಗಳು ಆ ದಿಕ್ಕಿಗೇ ಕೊರೆಸಿದರು. ನಾನು ಅಲ್ಲೇ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಮೇಡಂ ನೀರು ತಂದುಕೊಟ್ಟರು.

ಇಷ್ಟಾದ ಮೇಲೂ ಸಮಿತಿ ಒಪ್ಪಬೇಕಿತ್ತು. ಉದ್ದನೆಯ ಮೇಜು, ಐದು ಜನ. ಅಧ್ಯಕ್ಷರು ಒಳ್ಳೆಯವರೇ, ಆದರೆ ತಣ್ಣೀರನ್ನೂ ಆರಿಸಿ ಕುಡಿಯುವ ಪೈಕಿ. ತೀರಿಹೋದ ಇಂಜಿನಿಯರ್ ಸಾಹೇಬರ ವಿಷಯ ಈಗ ಯಾಕೆ ಕೆದಕಬೇಕು, ಆ ಎರಡು ಸಾಲು ತೆಗೆದುಹಾಕಿದರೆ ಆಯಿತಲ್ಲ ಎಂದರು. ಸಾಲು ತೆಗೆದರೆ ತಿರುವು ಹೋಗುತ್ತದೆಯೇ ಎಂದು ಕೇಳಿದೆ. ರೈಲು ಅಲ್ಲಿ ನಿಧಾನವಾದಾಗಲೆಲ್ಲ ಜನ ಯಾಕೆ ಅಂತ ಕೇಳುತ್ತಾರೆ, ಅವರಿಗೆ ನಿಜ ಹೇಳಿ ಎಂದೆ.

ನಾನು ಒಬ್ಬಳೇ ಹೋಗಿರಲಿಲ್ಲ. ಆ ಇಪ್ಪತ್ತಾರು ಜನರಲ್ಲಿ ಒಬ್ಬ ಡ್ರಿಲ್ಲರ್ ಇನ್ನೂ ಇದ್ದಾರೆ, ಸ್ಟೇಷನ್ ಹಿಂದೆ ಸೈಕಲ್ ರಿಪೇರಿ ಅಂಗಡಿ. ಡ್ರಿಲ್ಲಿನ ಸದ್ದಿಗೆ ಕಿವಿ ಎಂದೋ ಹೋಗಿದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು ಅಷ್ಟು ಹೊತ್ತೂ ಒಂದಕ್ಷರ ಕೇಳಿಸದೆ ಕೂತಿದ್ದರು. ನಾನು ಮೊಣಕೈಯಿಂದ ತಿವಿದಾಗ ಎದ್ದು ನಿಂತರು.

“ಆವತ್ತು ಹೊಗೇಲಿ ನಮಗೆ ನಮ್ಮ ಕೈನೇ ಕಾಣ್ತಿರಲಿಲ್ಲ ಸಾರ್. ಫ್ಯಾನ್ ಒಂದು ಗಳಿಗೆ ನಿಂತಿದ್ರೂ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ. ಸುರಂಗ ಎರಡು ಮೊಳ ಸೊಟ್ಟಗಾಯ್ತು, ನಿಜ. ನಾವು ಇಪ್ಪತ್ತಾರು ಜನ ನೆಟ್ಟಗೆ ಮನೆಗೆ ಹೋದ್ವಿ. ನನಗೆ ಮಕ್ಕಳಾಗಿದ್ದೇ ಆಮೇಲೆ.”

ಇಷ್ಟು ಹೇಳಿ ಕೂತುಬಿಟ್ಟರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡು ಮತ್ತೆ ತೆಗೆದು ಒರೆಸಿಕೊಂಡರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಫೀಲ್ಡ್ ಬುಕ್ಕಿನ ಆ ಪುಟವನ್ನು ಪುಸ್ತಕದಲ್ಲಿ ಇದ್ದ ಹಾಗೆಯೇ ಅಚ್ಚು ಹಾಕುತ್ತಾರೆ, ‘ನೋಡಿದೆ’ ಸಮೇತ. ಫಲಕದ ಮೇಲೆ ಬರುವ ಮಾತನ್ನು ಮೇಡಂ ಬರೆದರು, ನಾನು ಒಂದೆರಡು ಕಡೆ ತಿದ್ದಿದೆ: ‘ಈ ಸುರಂಗದ ನಡುವೆ ಒಂದು ತಿರುವಿದೆ. ಒಳಗೆ ದುಡಿಯುತ್ತಿದ್ದ ಇಪ್ಪತ್ತಾರು ಜನರ ಉಸಿರಿಗಾಗಿ ಸರ್ವೇಯರ್ ಫ್ಯಾನ್ ನಿಲ್ಲಿಸಲಿಲ್ಲ. ತಿರುವು ಅದರಿಂದ ಬಂದದ್ದು.’ ಕೆಳಗೆ ನಿನ್ನ ಹೆಸರು, ಆಮೇಲೆ ಆ ಇಪ್ಪತ್ತಾರು ಹೆಸರು. ಡ್ರಿಲ್ಲರ್ ಅಷ್ಟನ್ನೂ ನೆನಪಿನಿಂದಲೇ ಹೇಳಿದರು. ಇಡೀ ದೇಶ ಮರೆತದ್ದನ್ನು ಒಬ್ಬ ಕಿವುಡ ಜ್ಞಾಪಕ ಇಟ್ಟುಕೊಂಡಿದ್ದ ನೋಡು.

ಏಪ್ರಿಲ್ ಇಪ್ಪತ್ತೆರಡಕ್ಕೆ ಫಲಕ ತೆರೆಯುತ್ತಾರೆ. ನೀನು ಬರಬೇಕು, ರೈಲಿನಲ್ಲಿ ಬರಬೇಕು. ಐವತ್ತು ವರ್ಷದಿಂದ ನೀನು ಬಸ್ಸು ಹತ್ತಿ ಬೆಟ್ಟ ಸುತ್ತಿಕೊಂಡು ಒಂಬತ್ತು ಗಂಟೆ ಸವೆಸುತ್ತಿದ್ದೀಯ. ಅಮ್ಮನ ಕೊನೆಗಳಿಗೆಯಲ್ಲೂ ಹಾಗೇ ಬಂದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇನ್ನು ಸಾಕು. ಆ ಸುರಂಗ ನಿನ್ನದು, ಕತ್ತೆತ್ತಿಕೊಂಡು ಬಾ. ತಿರುವಿನಲ್ಲಿ ರೈಲು ಕುಂಟಿದಾಗ ಪಕ್ಕದವರು ಏನಾದರೂ ಕಥೆ ಹೊಡೆದರೆ ತಿದ್ದು, ಇಷ್ಟು ವರ್ಷ ಟ್ಯೂಷನ್ ಮಕ್ಕಳ ಲೆಕ್ಕ ತಿದ್ದಿದವನಿಗೆ ಇದೇನು ಮಹಾ. ಮೂರು ಟಿಕೆಟ್ ಇದರ ಜೊತೆ ಇಟ್ಟಿದ್ದೇನೆ. ಮೊಮ್ಮಗಳನ್ನೂ ಕರೆದುಕೊಂಡು ಬಾ. ಅತ್ತಿಗೆಗೆ ಕಿಟಕಿ ಪಕ್ಕದ ಸೀಟು, ಹೊಸ ಕಣ್ಣು.

ಅತ್ತಿಗೆಗೆ ನನ್ನ ನಮಸ್ಕಾರ. ಮೊಮ್ಮಗಳು ನೂರು ವರ್ಷ ಚೆನ್ನಾಗಿರಲಿ, ನಿನ್ನ ಮೊಂಡುತನವೊಂದು ಬಿಟ್ಟು ಉಳಿದದ್ದೆಲ್ಲ ಅವಳಿಗೆ ಬರಲಿ. ನಿನ್ನನ್ನು ಹರಸುವಷ್ಟು ದೊಡ್ಡವಳಲ್ಲ ನಾನು, ಆದರೂ ಹರಸಿದ್ದೇನೆ.

ಇಂತಿ,
ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಏಳು ವಾರ ಬರೆಯದಿದ್ದುದು ಓಡಾಟದಿಂದಲ್ಲ, ಈ ನಾಲ್ಕು ಮಾತಿಗೆ ಕೈ ಏಳಲಿಲ್ಲ.

ತಿರುವಿನ ನಕ್ಷೆಯ ಮೂಲೆಯಲ್ಲಿ ‘ಸರ್ವೇಯರ್ ಅಜಾಗರೂಕತೆ’ ಎಂದು ಬರೆದದ್ದು ನಾನು. ಗಡಿಯಾರ ಚೀಟಿಯಲ್ಲಿ ಬರೆದುಕೊಟ್ಟರು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಬರೆದೆ, ಒಂದು ಅಕ್ಷರ ಸೊಟ್ಟ ಹೋಗದ ಹಾಗೆ ಬರೆದೆ. ನಕ್ಷೆಯ ಮೇಲೆ ಬರೆಯುವ ಅಕ್ಷರ ನನಗೆ ಕಲಿಸಿದವನು ನೀನೇ. ಸಹಿಗೆ ಬಂದು ಹಾಳೆ ನೋಡಿದ ಕೂಡಲೇ ಯಾರ ಕೈ ಎಂದು ನಿನಗೆ ಗೊತ್ತಾಯಿತು. ನೀನು ಜಗಳ ಮಾಡಿದ್ದರೆ ಈ ಸುಳ್ಳು ಬರೆದವರು ಯಾರು ಎಂದು ಮೊದಲು ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು. ಅದಕ್ಕೇ ನೀನು ಏನೂ ಅನ್ನಲಿಲ್ಲ. ಪೆನ್ನು ತೆಗೆದೆ, ಸಹಿ ಹಾಕಿದೆ, ನನ್ನ ಕಡೆ ತಿರುಗಿ ಊಟ ಆಯ್ತಾ ಎಂದು ಕೇಳಿದೆ.

ಅಮ್ಮ ಕೊನೆಯ ದಿನ “ರೈಲಲ್ಲಾದ್ರೆ ಮೂರೇ ಗಂಟೆ ಅಲ್ವೇನೇ, ಇವನು ಯಾಕೆ ಇನ್ನೂ ಬರ್ಲಿಲ್ಲ” ಎಂದು ನನ್ನನ್ನೇ ಕೇಳುತ್ತಿದ್ದಳು. ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ.

ಸಮಿತಿಗೂ ಹೇಳಿರಲಿಲ್ಲ. ನಿನ್ನೆ ಹೋಗಿ ಮೇಡಂಗೆ ಹೇಳಿ ಬಂದೆ. ಅದನ್ನೂ ಪುಸ್ತಕದಲ್ಲಿ ಹಾಕಿ, ನನ್ನ ಹೆಸರು ಸಮೇತ ಎಂದಿದ್ದೇನೆ. ನಿನ್ನನ್ನು ಒಂದು ಮಾತು ಕೇಳದೆ ಹಾಕುವುದಿಲ್ಲ ಎಂದರು. ಬೇಡ ಅನ್ನಬೇಡ ಅಣ್ಣ, ಈ ಸಲ ನನ್ನ ಸಹಿ ನಾನೇ ಹಾಕುತ್ತೇನೆ.