ಕೈ ಮಾತ್ರ ಕಾಣುವ ವಿಡಿಯೋ

ನವೆಂಬರ್ 17, ಸೋಮವಾರ

ತಮಾಲೆ ಕಡುಬಿಗೆ ಮುಸುಕಿನ ಜೋಳದ ಸಿಪ್ಪೆ ನೆನೆಹಾಕಿದ್ದಾಯಿತು. ಹಂದಿಮಾಂಸ ಬೇಯುತ್ತಿದೆ. ಕೆಂಪು ಮೆಣಸಿನಕಾಯಿ ರುಬ್ಬಿ ಮುಗಿಸುವಷ್ಟರಲ್ಲಿ ಡಾರ್ಲೀನ್ ಬಂದು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಚರ್ಚಿನ ನೆಲಮಾಳಿಗೆಯ ಈ ಅಡುಗೆಮನೆ ಅವಳ ಸುಪರ್ದಿ. ನನ್ನ ಪೇಜೂ ಈಗ ಅವಳದೇ ಸುಪರ್ದಿ. ಅರವತ್ತು ದಾಟಿದೆ, ರೀಲ್ಸ್ ಮಾಡುವುದರಲ್ಲಿ ಕಾಲೇಜು ಹುಡುಗಿಯರನ್ನು ಮೀರಿಸುತ್ತಾಳೆ.

"ಒಂದ್ಸಲ ಮುಖ ತೋರ್ಸೇ ಜೂಲಿ. ಮುಖ ಇದ್ರೆ ಜನ ನಂಬ್ತಾರೆ. ಬರೀ ಕೈ ನೋಡಿ ಯಾರು ತಮಾಲೆ ತಗೋತಾರೆ?"

"ಕೈ ತಾನೇ ಮಾಡೋದು? ಮುಖ ಹಾಕಿ ಬೇಯ್ಸಲ್ಲವಲ್ಲ."

"ನಿನ್ ಬಾಯಿಗೇ ಬೇರೆ ಒಂದು ಪೇಜ್ ಮಾಡ್ಬೇಕು."

ನಕ್ಕಳು. ಅವಳಿಗೆ ಗೊತ್ತಿರುವುದಿಷ್ಟು — ನಾನು ಜೂಲಿ, ಬಿಸಿಲ ಸೀಮೆಯವಳು, ಆರು ವರ್ಷದ ಮಗಳಿದ್ದಾಳೆ, ನಾಚಿಕೆ ಜಾಸ್ತಿ. ನಾಚಿಕೆಯಂತೆ.

ಮುಖ ಇಲ್ಲ. ದನಿ ಇಲ್ಲ. ಕಿಟಕಿ ಕಾಣಬಾರದು. ಗೋಡೆಯ ಕ್ಯಾಲೆಂಡರನ್ನೂ ತೆಗೆದಿಡುತ್ತೇನೆ. ಊರಿನ ಹೆಸರು ಮಾತ್ರ ಹಾಕಲೇಬೇಕು. ಊರು ಹೇಳದೆ ವ್ಯಾಪಾರ ಹೇಗೆ? ಗಲ್ ಹಾರ್ಬರ್, ಮಿನೆಸೋಟ. ಚರ್ಚಿನ ವಿಳಾಸ ಆರ್ಡರ್ ಕೊಟ್ಟವರಿಗಷ್ಟೇ ಮೆಸೇಜಿನಲ್ಲಿ ಹೋಗುತ್ತದೆ.

ಸಿಪ್ಪೆಗೆ ಜೋಳದ ಹಿಟ್ಟು ಸವರುವುದು, ಮಾಂಸ ಇಡುವುದು, ಮಡಚುವುದು, ಕಟ್ಟುವುದು. ಅರ್ಧ ನಿಮಿಷದ ವಿಡಿಯೋ. ಡಾರ್ಲೀನ್ ಅದಕ್ಕೊಂದು ಗಿಟಾರ್ ಸಂಗೀತ ಹಾಕಿದಳು.

ನವೆಂಬರ್ 20

ವಿಡಿಯೋ ಓಡುತ್ತಿದೆ. ಲಕ್ಷ ದಾಟಿತಂತೆ. ಡಾರ್ಲೀನ್ ಹೆಜ್ಜೆಹೆಜ್ಜೆಗೂ ಫೋನ್ ತಂದು ತೋರಿಸುತ್ತಾಳೆ. "ಎಷ್ಟು ಚಂದದ ಕೈ", "ಅಜ್ಜಿ ನೆನಪಾದ್ರು", "ಟೆಕ್ಸಾಸಿಗೆ ಕಳಿಸ್ತೀರಾ?" ಕ್ರಿಸ್‌ಮಸ್‌ವರೆಗಿನ ಆರ್ಡರ್ ಭರ್ತಿ.

ಖುಷಿಪಡಬೇಕು. ಆಗುತ್ತಿಲ್ಲ. ಇಷ್ಟು ಜನ ನೋಡಲಿ ಎಂದು ನಾನು ಕೇಳಿರಲಿಲ್ಲ. ಈ ಊರಿನವರು ನೋಡಿದರೆ ಸಾಕಿತ್ತು.

ನವೆಂಬರ್ 21

ಕಂಡಿತು. ಕಾಮೆಂಟುಗಳ ನಡುವೆ ಮಾರಿಸೆಲಾ.

"ಅಯ್ಯೋ, ಸಿಪ್ಪೆ ತುದೀನ ಕಿವಿ ಥರ ಹಿಂದಕ್ಕೆ ಮಡಚಿ ಕಟ್ಟೋದು ನಮ್ಮಮ್ಮ ಒಬ್ರೇ ಅಂದ್ಕೊಂಡಿದ್ದೆ. ರೂಬೆನ್, ನೋಡೋ ಇಲ್ಲಿ."

ಪಕ್ಕದಲ್ಲಿ ಮೂರು ನಗುಮುಖ. ಮಾರಿಸೆಲಾ ನನ್ನ ನಾದಿನಿ. ಕೆಟ್ಟವಳಲ್ಲ. ಕಂಡದ್ದನ್ನೆಲ್ಲ ಅಣ್ಣನಿಗೆ ಟ್ಯಾಗ್ ಮಾಡುವ ಚಟ, ಅಷ್ಟೇ.

ರೂಬೆನ್ ನನ್ನ ಗಂಡ. "ಎಲ್ಲಿಗೆ ಹೋದ್ರೂ ಹುಡುಕ್ತೀನಿ, ಹುಡುಕಿದ ದಿನ ನಿನ್ನ ಕತೆ ಮುಗೀತು" ಎಂದಿದ್ದ. ಹೇಳಿದ್ದನ್ನು ಮಾಡುವವನು. ನನ್ನ ಎಡಗಿವಿ ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ.

ನಮ್ಮಲ್ಲಿ ತಮಾಲೆ ಕಟ್ಟು ಮನೆಮನೆಗೂ ಬೇರೆ. ಕೆಲವರು ಎರಡೂ ತುದಿ ಕಟ್ಟುತ್ತಾರೆ, ಕೆಲವರು ಕಟ್ಟುವುದೇ ಇಲ್ಲ. ಮದುವೆಯಾದ ಮೊದಲ ಡಿಸೆಂಬರಿನಲ್ಲಿ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಈ ಕಿವಿ ಕಲಿಸಿದರು. ಕೈಗೆ ಅಂಟಿಬಿಟ್ಟಿತು. ಮುಖ ಮುಚ್ಚಿದೆ, ದನಿ ಮುಚ್ಚಿದೆ, ಕ್ಯಾಲೆಂಡರ್ ತೆಗೆದಿಟ್ಟೆ... ದಡ್ಡಿ, ಶುದ್ಧ ದಡ್ಡಿ ನಾನು. ಮೂರು ವರ್ಷದಿಂದ ಬಚ್ಚಿಟ್ಟುಕೊಂಡವಳು ಅವನ ತಾಯಿಯ ಕಟ್ಟನ್ನೇ ಊರಿಗೆಲ್ಲ ತೋರಿಸಿದೆ.

ಡಾರ್ಲೀನ್‌ಗೆ ಎಲ್ಲ ಹೇಳಿದೆ. ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು.

"ಮೊದ್ಲೇ ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ಅಡುಗೆಮನೆ ಕೊಡ್ತಿದ್ರಾ ನೀವು?"

ಫೋನ್ ತೆಗೆದಳು. ಕಾಮೆಂಟ್ ಅಳಿಸಿದಳು. ವಿಡಿಯೋ ಅಳಿಸಿದಳು. ಅಷ್ಟರಲ್ಲಿ ಅದು ಬೇರೆ ಯಾರ್ಯಾರದೋ ಪೇಜಿನಲ್ಲಿ ಓಡಾಡುತ್ತಿತ್ತು, ಊರಿನ ಹೆಸರಿನ ಸಮೇತ.

ನವೆಂಬರ್ 27

ಏನೂ ಆಗಿಲ್ಲ. ಅದೇ ಹೆದರಿಕೆ. ಮಗಳು ಇಟ್ಸೆಲ್ ಕೇಳುತ್ತಾಳೆ, "ದಿನಾ ಬೇರೆ ಬೇರೆ ದಾರೀಲಿ ಸ್ಕೂಲಿಗೆ ಯಾಕಮ್ಮ?" ಹಿಮ ನೋಡೋಕೆ ಕಣೇ ಎಂದೆ. ಎಲ್ಲಾ ಕಡೆ ಅದೇ ಹಿಮ ಎಂದಳು. ಮಗು ಸುಳ್ಳು ಹಿಡಿಯುವುದನ್ನು ಕಲಿಯುತ್ತಿದೆ.

ಲಾರಿಯ ಹಾರ್ನ್ ಕೇಳಿದರೂ ಕಿಟಕಿಯ ಪರದೆ ಎಳೆಯುತ್ತೇನೆ.

ಡಿಸೆಂಬರ್ 1

ಪೇಜಿಗೆ ಆರ್ಡರ್. ಮೂರು ಡಜನ್, ಶನಿವಾರ ಹನ್ನೊಂದಕ್ಕೆ ಬಂದು ಒಯ್ಯುತ್ತಾರಂತೆ. ಹೆಸರು ಹೆಕ್ಟರ್. ಫೋಟೋ ಇಲ್ಲ, ಗೆಳೆಯರಿಲ್ಲ, ಖಾತೆ ತೆರೆದದ್ದೇ ಕಳೆದ ವಾರ. ಕೊನೆಯಲ್ಲಿ ಒಂದು ಸಾಲು — "ಮಾಡುವವರೇ ಕೈಯಾರೆ ಕೊಡ್ತೀರಾ?"

"ಅರ್ಧ ಊರು ಹಾಗೇ ಕೇಳತ್ತೆ" ಎಂದಳು ಡಾರ್ಲೀನ್. "ಕೈ ಫೇಮಸ್ ಆಗಿದೆಯಲ್ಲ." ಹೇಳಿದ ದನಿಯಲ್ಲಿ ನಗು ಇರಲಿಲ್ಲ.

"ವಿಳಾಸ ಕೊಡ್ಬೇಡಿ."

ಡಾರ್ಲೀನ್ ಫೋನ್ ಕೆಳಗಿಟ್ಟಳು. ಆರ್ಡರ್ ಬಂದ ಕೂಡಲೇ ವಿಳಾಸ ತಾನಾಗಿ ಹೋಗುವಂತೆ ಅವಳೇ ಸೆಟ್ಟಿಂಗ್ ಮಾಡಿಟ್ಟಿದ್ದಳು. ಗಿರಾಕಿಗಳನ್ನು ಕಾಯಿಸಬಾರದೆಂದು. ಹೋಗಿಯಾಗಿತ್ತು.

ಡಿಸೆಂಬರ್ 3, ಮಧ್ಯಾಹ್ನ

ಪೇಜಿನ ಇನ್‌ಬಾಕ್ಸಿಗೆ ಧ್ವನಿ ಮೆಸೇಜ್. ಅತ್ತೆ. ಬಚ್ಚಲಿನ ಬಾಗಿಲು ಹಾಕಿಕೊಂಡು, ಫೋನನ್ನು ಬಲಗಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದೆ.

"ಒಬ್ದುಲಿಯಾ, ನಾನು ಕಣೇ. ಮಾರಿಸೆಲಾ ಫೋನಲ್ಲಿ ಮಾತಾಡ್ತಿದೀನಿ, ಅವ್ಳಿಗೆ ಗೊತ್ತಿಲ್ಲ. ನಿನ್ ಕೈ ನೋಡಿದ್ ಕೂಡ್ಲೇ ಗೊತ್ತಾಯ್ತು. ಅವ್ನಿಗೂ ಗೊತ್ತಾಯ್ತು. ಏನೂ ಮಾತಾಡ್ಲಿಲ್ಲ. ನಿನ್ನೆ ಟ್ರಕ್ಕಿಗೆ ಹಿಮದ ಟೈರ್ ಹಾಕಿಸ್ಕೊಂಡು ಬಂದಿದಾನೆ. ನಮ್ಮೂರಲ್ಲಿ ಯಾರಾದ್ರೂ ಹಿಮದ ಟೈರ್ ಹಾಕಿಸ್ತಾರೇನೇ? ಇಲ್ಲಿ ಹಿಮ ಎಲ್ಲಿದೆ? ಮಗೂನ ಕರ್ಕೊಂಡು ಎಲ್ಲಾದ್ರೂ ಹೋಗು. ಹೆತ್ತ ಮಗ ಕಣೇ, ಏನ್ ಮಾಡ್ಲಿ..."

ಅಲ್ಲಿಗೆ ನಿಂತಿತು. ಒಬ್ದುಲಿಯಾ. ಮೂರು ವರ್ಷದ ನಂತರ ಮೊದಲ ಸಲ ಕಿವಿಗೆ ಬಿದ್ದ ನನ್ನ ಹೆಸರು. ಅಳು ಬಂತು. ಹೆದರಿಕೆಗೋ ಅತ್ತೆಗೋ ತಿಳಿಯಲಿಲ್ಲ.

ಡಿಸೆಂಬರ್ 4

ಪೊಲೀಸರು ಒಳ್ಳೆಯವರು. ನನ್ನ ಹತ್ತಿರ ಬರಬಾರದೆಂಬ ಕೋರ್ಟಿನ ಆದೇಶ ನೋಡಿದರು, ಬರೆದುಕೊಂಡರು, ಶನಿವಾರ ಗಸ್ತು ಗಾಡಿ ಸುತ್ತುತ್ತದೆ ಎಂದರು. ಇಡೀ ದಿನ ಬಾಗಿಲಲ್ಲಿ ನಿಲ್ಲಿಸಲು ಅವರಲ್ಲಿ ಅಷ್ಟು ಜನ ಇಲ್ಲ. ಮಹಿಳಾ ಆಶ್ರಯದವರು ಬೇರೆ ರಾಜ್ಯದಲ್ಲಿ ಕೋಣೆ ಇದೆ ಎಂದರು. ಇನ್ನೊಂದು ಊರು. ಇನ್ನೊಂದು ಹೆಸರು. ಇಟ್ಸೆಲ್‌ಗೆ ಮೂರನೆಯ ಸ್ಕೂಲು.

ಚೀಲ ತುಂಬಿದೆ. ಮತ್ತೆ ಸುರಿದೆ.

ಒಂದು ಯೋಚನೆ ತಲೆಯಿಂದ ಹೋಗುತ್ತಿಲ್ಲ. ನಾನು ಯಾರು, ನನಗೆ ಏನಾಗಬಹುದು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಇಲ್ಲಿನ ಜನಕ್ಕೆ. ನಾಳೆ ಅವನು ಪೆಟ್ರೋಲ್ ಬಂಕಿನಲ್ಲಿ ನಿಂತು ದಾರಿ ಕೇಳಿದರೆ ನಗುನಗುತ್ತಾ ಕೈ ತೋರಿಸುತ್ತಾರೆ. ಅವನ ಮಾತು ಬೆಣ್ಣೆ. ಇಷ್ಟು ದಿನ ಬಚ್ಚಿಟ್ಟುಕೊಂಡು ಅವನ ಕೆಲಸವನ್ನೇ ಸುಲಭ ಮಾಡಿದೆನಲ್ಲ.

ಡಿಸೆಂಬರ್ 5, ಶುಕ್ರವಾರ

ಮಾಡಿದೆ. ಮುಖ ತೋರಿಸಿ, ದನಿ ಕೊಟ್ಟು ವಿಡಿಯೋ. ಡಾರ್ಲೀನ್ ಫೋನ್ ಹಿಡಿದಿದ್ದಳು.

"ನಾನು ಜೂಲಿ ಅಲ್ಲ. ಒಬ್ದುಲಿಯಾ. ನಿಮಗೆ ತಮಾಲೆ ಮಾಡೋಳು ನಾನೇ. ಈ ಫೋಟೋದಲ್ಲಿರೋನು ನನ್ನ ಗಂಡ. ನನ್ನನ್ನ ಕೊಲ್ತೀನಿ ಅಂದಿದಾನೆ. ಹತ್ರ ಬರಬಾರ್ದು ಅಂತ ಕೋರ್ಟ್ ಹೇಳಿದೆ. ಬೂದು ಬಣ್ಣದ ಟ್ರಕ್ಕು, ನ್ಯೂ ಮೆಕ್ಸಿಕೋದ ಹಳದಿ ನಂಬರ್ ಪ್ಲೇಟು. ನನ್ನ ಕೇಳ್ಕೊಂಡು ಬಂದ್ರೆ ದಾರಿ ಹೇಳ್ಬೇಡಿ. ತಡೆಯೋಕೂ ಹೋಗ್ಬೇಡಿ. ಪೊಲೀಸರಿಗೆ ಫೋನ್ ಮಾಡಿ, ಇಲ್ಲಿ ಬರೀರಿ."

ಅವನ ಫೋಟೋ, ನನ್ನ ಮುಖ. ಒಂದೇ ಪರದೆಯಲ್ಲಿ. ಹಾಕಿಬಿಡಿ ಎಂದೆ.

ಸಂಜೆಯ ಹೊತ್ತಿಗೆ ಊರಿನ ಹಾರ್ಡ್‌ವೇರ್ ಅಂಗಡಿ, ಕ್ಷೌರದಂಗಡಿ, ಹಿಮ ಗೋರುವ ಗಾಡಿಯವರು, ಎಲ್ಲರ ಪೇಜಿನಲ್ಲೂ ನಾನು. ಇಟ್ಸೆಲ್‌ಳನ್ನು ಡಾರ್ಲೀನಳ ತಂಗಿ ತಮ್ಮ ಊರಿಗೆ ಕರೆದೊಯ್ದಳು.

ಡಿಸೆಂಬರ್ 6, ಬೆಳಿಗ್ಗೆ

ಚರ್ಚಿನ ನೆಲಮಾಳಿಗೆ. ಮನೆಯಲ್ಲಿ ಒಬ್ಬಳೇ ಇರಲಾರೆ. ಹಬೆಯ ಪಾತ್ರೆ ಒಲೆಯ ಮೇಲಿದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಕಾಮೆಂಟುಗಳು ಬರುತ್ತಿವೆ. ಇಲ್ಲಿಗೆ ಬರುವ ದಾರಿಯ ಹಿಂಕ್ಲಿಯ ಪೆಟ್ರೋಲ್ ಬಂಕಿನ ಹುಡುಗಿ: "ಬೂದು ಟ್ರಕ್ಕು, ಹಳದಿ ಪ್ಲೇಟು, ಕಾಫಿ ತಗೊಂಡ." ಡುಲೂತಿನಿಂದ ಯಾರೋ: "ನಮ್ಮೂರು ದಾಟಿ ನಿಮ್ ಕಡೆ ಬರ್ತಿದಾನೆ, ಪೊಲೀಸರಿಗೆ ಹೇಳಿದೀನಿ." ಆಮೇಲೆ ಅರ್ಧ ಗಂಟೆ ಏನೂ ಇಲ್ಲ. ಅಲ್ಲಿಂದ ಇಲ್ಲಿಗೆ ಬರುವ ಸರೋವರದ ದಡದ ರಸ್ತೆಯಲ್ಲಿ ಹಿಮ ಬೀಳುತ್ತಿದೆಯಂತೆ.

ಡಾರ್ಲೀನ್ ಮೇಲೆ ಹೋಗಿ ನೋಡಿ ಬಂದಳು.

"ಪಾರ್ಕಿಂಗ್ ತುಂಬಿದೆ ಕಣೇ. ಎಂಜಿನ್ ಆನ್ ಮಾಡ್ಕೊಂಡು ಕೂತಿದಾರೆ ಜನ."

"ತಮಾಲೆಗೆ ಇನ್ನೂ ಟೈಮಿದೆಯಲ್ಲ."

"ಅರ್ಧಕ್ಕರ್ಧ ಆರ್ಡರ್ ಕೊಟ್ಟೋರೇ ಅಲ್ಲ."

ಮತ್ತೆ ಮೇಲೆ ಹೋದಳು. ಈಗ ಹೆಜ್ಜೆ ಸದ್ದು, ಬಹಳ ಹೆಜ್ಜೆಗಳು. ಯಾವುದೋ ಬಾಗಿಲು ಬಡಿಯಿತು. ಗಸ್ತು ಗಾಡಿಯ ಸೈರನ್ನೋ, ಗಾಳಿಯೋ, ಈ ಕಿವಿಯಲ್ಲಿ ತಿಳಿಯುವುದಿಲ್ಲ.

ಯಾರೋ ಮೆಟ್ಟಿಲ ತುದಿಯಲ್ಲಿ ನಿಂತು ಒಬ್ದುಲಿಯಾ ಎಂದು ಕೂಗುತ್ತಿದ್ದಾರೆ. ಗಂಡಸಿನ ದನಿ, ಈ ಗದ್ದಲದಲ್ಲಿ ಯಾರದೆಂದು ಗುರುತು ಹತ್ತುತ್ತಿಲ್ಲ. ಮೊನ್ನೆಯವರೆಗೆ ಇಷ್ಟು ದೂರ ಬಂದು ಆ ಹೆಸರು ಕೂಗುವ ಗಂಡಸು ಲೋಕದಲ್ಲಿ ಒಬ್ಬನೇ ಇದ್ದ. ಇವತ್ತು ಇಡೀ ಊರಿಗೆ ಗೊತ್ತು. ಮತ್ತೆ ಕೂಗಿದರು. ಎದ್ದು ಹೋಗಿ ಯಾರೆಂದು ನೋಡಬೇಕು.