ಎರಡನೇ ಮುದ್ರಣದಲ್ಲೂ ನಾನು ಸಾಯಬೇಕು

ಹದಿನಾಲ್ಕನೇ ತಾರೀಖು, ಭಾನುವಾರ
ಅಂಗಡಿಯ ಮಾಳಿಗೆಯಿಂದ

ಪ್ರೀತಿಯ ಶಾಯಿಬುಡ್ಡಿಗೆ,

ಬೀಗದಕೈ ಮಾಡುವ ಸಲಾಮು. ಪಲ್ಟನ್ನಿನಲ್ಲಿ ನಮಗಿಟ್ಟ ಈ ಹೆಸರುಗಳನ್ನು ಕರೆಯುವವರು ಈಗ ನಾವಿಬ್ಬರೇ, ಅದಕ್ಕೇ ಬಿಡಲಾರೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆ ತೆರೆಯುವ ತಿಂಗಳು, ಊರಿನ ಮಕ್ಕಳ ಕಾಲೆಲ್ಲ ನನ್ನ ಬೂಟಿನಂಗಡಿಯಲ್ಲೇ. ಅಲ್ಲದೆ ಸತ್ತವನು ಅಷ್ಟು ಬೇಗ ಕಾಗದ ಬರೆದರೆ ಚೆನ್ನಾಗಿರುವುದಿಲ್ಲ ನೋಡು.

ಹೌದು ಮಾರಾಯ, ನಿನ್ನ ಕಾದಂಬರಿ ಓದಿದೆ. ನೂರಾ ಹತ್ತನೇ ಪುಟದಲ್ಲಿ ನನ್ನನ್ನು ಸುಟ್ಟುಹಾಕಿದ್ದೀಯ. ನಾನು ಬೀಗದಕೈ ಹಿಡಿದು ಕಾಯುತ್ತಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಬಾವುಟ ಉಳಿಸಲು ಒಳಗೆ ನುಗ್ಗಿ ವೀರಮರಣ! ಅದೂ ನನಗೆ! ಬಾವುಟ ನಮ್ಮ ಉಗ್ರಾಣದಲ್ಲಿ ಕಟ್ಟುಗಟ್ಟಲೆ ಬಿದ್ದಿತ್ತು, ಕಂಬಳಿ ಮಾತ್ರ ಮೂವರಿಗೆ ಒಂದು. ಸಾಮ್ರಾಜ್ಯದವರು ಬಾವುಟಕ್ಕೆ ಯಾವತ್ತೂ ಕಡಿಮೆ ಮಾಡಲಿಲ್ಲ. ಕಂಬಳಿಗಾಗಿ ನುಗ್ಗಿದ ಅಂತ ಬರೆದಿದ್ದರೆ ಬಾಯಿ ಮುಚ್ಚಿಕೊಂಡು ಸಾಯುತ್ತಿದ್ದೆ. ಅದಕ್ಕಿಂತ ದೊಡ್ಡ ಅವಮಾನ ಹಿಂದಿನ ಪುಟದಲ್ಲಿದೆ. ಅಲ್ಲಿ ನಾನು ಎಲ್ಲರಿಗೂ ಸಹಿಯಿಲ್ಲದೆ ಬೂಟು ಹಂಚುತ್ತೇನೆ! ಸಹಿಯಿಲ್ಲದೆ ಜನರಲ್ ಸಾಹೇಬರಿಗೂ ಒಂದು ಅಂಗಿಗುಂಡಿ ಕೊಟ್ಟವನಲ್ಲ ನಾನು.

ಆದರೆ ಆ ಪರದೇಶದ ಮುದುಕಿಯನ್ನು ನೀನು ಮರೆತಿಲ್ಲ. ಬಂದೂಕು ಹಿಡಿದು ಅವಳ ಅಂಗಳದಲ್ಲಿ ನಿಂತ ನಮ್ಮನ್ನು, "ಯಾಕಪ್ಪಾ, ನಿಮ್ಮೂರಲ್ಲಿ ಕೆಲಸ ಇರ್ಲಿಲ್ವಾ?" ಅಂತ ಕೇಳಿದಳಲ್ಲ. ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಮೇಲಿನವರಿಗೆ ಭೂಪಟದಲ್ಲಿ ಒಂದು ಊರು ಹೆಚ್ಚಾಯಿತು. ನಮ್ಮ ಪಾಲಿಗೆ ಬಂದದ್ದು ಆ ಪ್ರಶ್ನೆ.

ನಿನ್ನ ದೆಸೆಯಿಂದ ಇಲ್ಲಿ ವ್ಯಾಪಾರ ಜೋರು. ಸತ್ತವನನ್ನು ನೋಡುವುದಕ್ಕೇ ಜನ ಬರುತ್ತಾರೆ. ಪಕ್ಕದ ಶಾಲೆಯ ಹೆಡ್‌ಮಾಸ್ತರರು ಚಪ್ಪಲಿ ಮೆಟ್ಟಿ ನೋಡುತ್ತಾ, "ಏನ್ ಯಜಮಾನ್ರೇ, ನೂರಾ ಹತ್ತನೇ ಪುಟದಲ್ಲಿ ತೀರ್ಕೊಂಡ್ರಂತೆ?" ಅಂದರು. "ಹೌದು ಸ್ವಾಮಿ, ಅದಕ್ಕೇ ಇವತ್ತು ಚೌಕಾಸಿ ಇಲ್ಲ. ಸತ್ತವನಿಗೆ ದಾಕ್ಷಿಣ್ಯ ಎಲ್ಲಿಂದ ಬರ್ಬೇಕು?" ಅಂದೆ. ನಗುತ್ತಾ ಎರಡು ಜೊತೆ ಒಯ್ದರು.

ನನ್ನವಳಂತೂ ಅಡುಗೆಮನೆಯಲ್ಲಿ ನಿಂತು ನನ್ನ ಸಾವನ್ನು ಜೋರಾಗಿ ಓದಿ ಓದಿ ನಕ್ಕಳು. "ಬೆಂಕಿಗೆ ಹಾರಿದ್ರಂತೆ! ಹಾಲು ಉಕ್ಕಿದ್ರೂ ಕೂತಲ್ಲಿಂದ್ಲೇ ನನ್ನ ಕೂಗೋರು! ಆ ಕತೆ ಬರೆದ ಅಣ್ಣನಿಗೆ ಬರೀರಿ, ನಿಮ್ಮನ್ನ ಇನ್ನೊಂದ್ಸಲ ಸರಿಯಾಗಿ ನೋಡ್ಕೊಂಡು ಹೋಗ್ಲಿ ಅಂತ." ಅವಳ ಮಾತು ಸುಳ್ಳಲ್ಲ, ಏನು ಮಾಡಲಿ?

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಹಳೆಯವನು ಯುದ್ಧ ಮುಗಿಸಿ ಮನೆಗೆ ಮರಳುವ ಕೊನೆಯ ಅಧ್ಯಾಯ ಓದುಗರನ್ನು ಖುಷಿಪಡಿಸುವ ಸುಳ್ಳು ಅಂತ ಯಾರೋ ಪ್ರೊಫೆಸರು ಬರೆದಿದ್ದಾರಂತೆ. ಅದಕ್ಕೇ ಎರಡನೇ ಮುದ್ರಣದಲ್ಲಿ ನಡೆದದ್ದನ್ನು ನಡೆದಂತೆ ತಿದ್ದುತ್ತೀಯಂತೆ. ಕಹಳೆಯವನು ಸೇತುವೆಯಲ್ಲೇ ಸಾಯುತ್ತಾನೆ, ನಾನು ಬದುಕುತ್ತೇನೆ. ಒಪ್ಪಿಗೆ ಕೊಡು ಅಂತ ಕೇಳಿದ್ದೀಯ.

ಕೊಡುವುದಿಲ್ಲ. ನಾನು ಸತ್ತೇ ಇರುತ್ತೇನೆ.

ಸೇತುವೆ ಸಿಡಿದದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡವರು. ಹೊಳೆ ಅವನನ್ನು ವಾಪಸ್ಸು ಕೊಡಲಿಲ್ಲ. ದಂಡೆಯಲ್ಲಿ ಸಿಕ್ಕಿದ ಕಹಳೆಯನ್ನು ಅವನ ಹೆಂಡತಿಗೆ ಮುಟ್ಟಿಸಿ ಬಂದವನು ನಾನು. ನನ್ನ ಆಯುಸ್ಸಿನಲ್ಲಿ ಸಹಿ ಕೇಳದೆ ಒಪ್ಪಿಸಿದ್ದು ಅದೊಂದೇ ವಸ್ತು. ಎರಡು ವರ್ಷದ ಮೇಲೆ ಅವಳು ನನ್ನ ಕೈ ಹಿಡಿದಳು, ಆ ಮದುವೆಗೆ ಸಾಕ್ಷಿ ಹಾಕಿದವನು ನೀನು. ನಾವು ಸುಖವಾಗಿದ್ದೇವೆ ಕಣೋ, ಬಾಯಿ ಮಾತಿಗೆ ಹೇಳುತ್ತಿಲ್ಲ. ಒಂದು ಬಾಗಿಲಿನ ಅಂಗಡಿ ಮೂರು ಬಾಗಿಲಿನದಾಯಿತು. ಅವಳು ಅವನೊಡನೆ ಬಾಳಿದ ಆ ಹಳೆಯ ಮನೆಯನ್ನು ಬಿಟ್ಟು ದೊಡ್ಡದಕ್ಕೆ ಹೋಗೋಣವೆಂದರೆ ಮಾತ್ರ ಒಪ್ಪಲಿಲ್ಲ.

ಆ ಕೊನೆಯ ಅಧ್ಯಾಯದಲ್ಲಿ ಅವನು ಬೂಟು ಕೈಯಲ್ಲಿ ಹಿಡಿದು ಹಿಂಬಾಗಿಲಿನಿಂದ ಒಳಗೆ ಬಂದು ನೀರು ಕೇಳುತ್ತಾನಲ್ಲ, ಅದನ್ನು ಅವಳು ಜೋರಾಗಿ ಓದಲಿಲ್ಲ. "ಹಿಂಬಾಗಿಲಿಂದ ಬರೋ ಅಭ್ಯಾಸ ಅಂತ ಅಣ್ಣನಿಗೆ ಹೇಗೆ ಗೊತ್ತು?" ಅಂತ ಕೇಳಿದಳು. "ಕಾವಲಿಗೆ ನಿಂತಾಗ ಮನೆ ವಿಷಯ ಬಿಟ್ರೆ ಅವನಿಗೆ ಬೇರೆ ಮಾತೇ ಇರ್ಲಿಲ್ಲ," ಅಂದೆ. ತಲೆಯಾಡಿಸಿ ಮತ್ತೆ ಓದುತ್ತಾ ಕೂತಳು.

ಪ್ರೊಫೆಸರಿಗೆ ಯುದ್ಧದ ಸತ್ಯ ಬೇಕಿದ್ದರೆ ಆ ಮುದುಕಿಯ ಅಂಗಳಕ್ಕೆ ಹೋಗಿ ನಿಲ್ಲಲಿ, ಅಲ್ಲಿ ಬೇಕಾದಷ್ಟಿದೆ. ಸಾವು ಕಡಿಮೆ ಬಿತ್ತು ಅಂದರೆ ನಾನಿದ್ದೇನಲ್ಲ, ಇನ್ನಷ್ಟು ಚೆನ್ನಾಗಿ ಸಾಯಿಸು. ಕಂಬಳಿಯದೊಂದು ಸರಿಮಾಡಿದರೆ ಸಾಕು.

ನಿನ್ನ ಮಂಡಿನೋವು ಇಳಿಯಲಿ, ಬುಡ್ಡಿಯಲ್ಲಿ ಶಾಯಿ ಬತ್ತದಿರಲಿ, ನಿನ್ನ ಪುಸ್ತಕ ನನ್ನ ಬೂಟಿಗಿಂತ ಹೆಚ್ಚು ಖರ್ಚಾಗಲಿ. ಬಂದು ಹೋಗು, ಹೊಸ ಜೊತೆ ತೆಗೆದಿಟ್ಟಿದ್ದೇನೆ. ಸಹಿ ಹಾಕಿಸಿಕೊಂಡೇ ಕೊಡುವುದು.

ಇಂತು ನಿನ್ನ ದಿವಂಗತ ಗೆಳೆಯ,
ಬೀಗದಕೈ

ತಾ.ಕ.: ಇದು ನಿನಗೆ ಮಾತ್ರ. ಮದುವೆಯಾದಂದಿನಿಂದ ಅವಳು ಆ ಮನೆಯ ಹಿಂಬಾಗಿಲಿಗೆ ಚಿಲಕ ಹಾಕಿದವಳಲ್ಲ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ತೆರೆದ ಬಾಗಿಲು ನೆನಪಾದರೆ ನಿದ್ದೆ ಹತ್ತುವುದಿಲ್ಲ. ಆದರೂ ಯಾಕೆ ಅಂತ ಕೇಳಲಿಲ್ಲ, ನಾನಾಗಿ ಎದ್ದು ಹಾಕಲೂ ಇಲ್ಲ. ನಿನ್ನ ಪುಸ್ತಕ ಓದಿ ಮುಗಿಸಿದ ದಿನ, ಮಲಗುವ ಮುಂಚೆ ಅವಳೇ ಹೋಗಿ ಚಿಲಕ ಹಾಕಿ ಬಂದಳು. ನಾನು ನೋಡುತ್ತಿದ್ದದ್ದು ಕಂಡು, "ಅವ್ರು ಬಂದಾಯ್ತಲ್ಲ," ಅಂದಳು. ಅವನನ್ನು ಮತ್ತೆ ಹೊರಗೆ ನಿಲ್ಲಿಸಬೇಡ ಕಣೋ.