ಏಳು ಒಂದುಗಳು

ಗದ್ದೆಪ್ಪ,

ಸತ್ತವನು ಎದ್ದು ಬಂದು ಅಲ್ಲ ಅನ್ನುವುದಿಲ್ಲ ಎಂಬ ಧೈರ್ಯದ ಮೇಲೆ ಇವತ್ತು ನಿನ್ನ ಹೆಸರು ಹೇಳಿಬಿಟ್ಟೆ. ಅದೇ ಧೈರ್ಯದ ಮೇಲೆ ಈ ಕಾಗದವನ್ನೂ ಬರೆಯುತ್ತಿದ್ದೇನೆ.

ಕಾಲುವೆ ಸರ್ವೆಯಲ್ಲಿ ಗೂಟ ನೆಡುತ್ತಿದ್ದಾಗ, ದಢೇಸುಗೂರಿನ ಹತ್ತಿರ ನೀನು ಮಣ್ಣಲ್ಲಿ ಆ ಗೂಟಗಳ ಹಾಗೆಯೇ ಸಾಲಾಗಿ ಏಳು ಒಂದು ಬರೆದಿದ್ದೆಯಲ್ಲ, 11,11,111? ಮೇಷ್ಟ್ರಾದ ಮೇಲೆ ನಾನು ಅದನ್ನು ಮಸ್ಕಿಯ ಮಕ್ಕಳಿಗೆ ಪ್ರತಿ ವರ್ಷವೂ ಅವಿಭಾಜ್ಯ ಸಂಖ್ಯೆ ಎಂದೇ ಕಲಿಸುತ್ತ ಬಂದೆ. ಇವತ್ತು ಹೊನ್ನೂರಮ್ಮ ಎಂಬ ಹುಡುಗಿ ಎದ್ದು ಬಂದು, ಬೋರ್ಡಿನ ಮೇಲೆ ಅದನ್ನು 239ರಿಂದ ಭಾಗಿಸಿದಳು. 4649 ಬಂತು. ಶೇಷ ಸೊನ್ನೆ.

"ಭಾಗ ಹೋಗಂಗಿಲ್ಲಂತ ನಿಮಗ ಯಾರು ಹೇಳಿದ್ರು ಸಾರ್?" ಅಂದಳು. ಪಾಪ, ಕುಹಕದಿಂದ ಕೇಳಿದ್ದಲ್ಲ. ಆದರೆ ಇಡೀ ಕ್ಲಾಸು ನನ್ನ ಮುಖವನ್ನೇ ನೋಡುತ್ತಿತ್ತು.

"ನಮ್ಮ ದೋಸ್ತ ಒಬ್ಬ ಇದ್ದ, ಗದ್ದೆಪ್ಪಂತ. ಲೆಕ್ಕದಾಗ ಭಾಳ ಅವಸರ ಅವಂಗ," ಅಂದೆ.

ಮಕ್ಕಳು ನಕ್ಕರು. ನಾನೂ ನಕ್ಕೆ.

ಅವತ್ತು ನೀನು ಒಂದು ಅವಿಭಾಜ್ಯ ಸಂಖ್ಯೆಯನ್ನೂ ಬಿಡದೆ, ಮೂರರಿಂದ ಹಿಡಿದು ಒಂದಾದ ಮೇಲೊಂದರಿಂದ ಭಾಗಿಸುತ್ತ, ಅಂಗೈಯಿಂದ ಅಳಿಸಿ ಮತ್ತೆ ಬರೆಯುತ್ತ 233ರವರೆಗೆ ಬಂದಿದ್ದೆ. ಕ್ಯಾಂಪಿಗೆ ಹೋಗುವ ಲಾರಿ ಬಂದು ನಿಂತಿತ್ತು. ಇದು ಭಾಗ ಹೋಗಂಗಿಲ್ಲ, ನಡಿ ಅಂತ ನಿನ್ನ ಕೈಯ ಕಡ್ಡಿಯನ್ನು ಕಿತ್ತು ಎಸೆದವನು ನಾನು.

"ತಡಿಯಲೇ, ಇನ್ನೊಂದು ನೋಡ್ತೀನಿ," ಅಂದಿದ್ದೆ ನೀನು.

233 ಆದ ಮೇಲಿನ ಅವಿಭಾಜ್ಯ ಸಂಖ್ಯೆ 239, ಗದ್ದೆಪ್ಪ.